ಎರಡು ಚಾರ್ಜರ್ ಕಾರುಗಳನ್ನು ಹೋಲಿಸುವುದು ಹೇಗೆ?

ಚಾರ್ಜರ್ ಕಾರು ಅಂದ ಕೂಡಲೇ ನೆನಪಾಗುವುದು ಅಮೆರಿಕದ ಡಾಡ್ಜ್ ಕಂಪನಿಯದ್ದು. ಆದರೆ ಆಸ್ಟ್ರೇಲಿಯಾದ ಕ್ರೈಸ್ಲರ್ ಕೂಡ 1971ರಲ್ಲಿ ವೇಲಿಯಂಟ್ ಚಾರ್ಜರ್ ಅಂತ ಒಂದು ಕಾರು ಬಿಟ್ಟಿತು. ಹೆಸರು ಒಂದೇ, ಕಾರು ಬೇರೆ. ನಾನು ಇಲ್ಲಿ ತಗೊಂಡಿರುವುದು 1970ರ ಡಾಡ್ಜ್ ಚಾರ್ಜರ್‌ನ ಆರ್/ಟಿ ಮಾದರಿ ಮತ್ತು 1972ರ ವೇಲಿಯಂಟ್ ಚಾರ್ಜರ್‌ನ ಇ49 ಮಾದರಿ.

ಮೊದಲು ಒಂದು ಸೀಮೆಸುಣ್ಣ ಮತ್ತು ಟೇಪು ತಗೊಳ್ಳಿ. ಬಸವನಗುಡಿಯ ನಮ್ಮ ಮನೆ ತಾರಸಿ ಮೇಲೆ ನಾನು 117 ಇಂಚಿನ ಒಂದು ಗೆರೆ ಎಳೆದೆ, ಪಕ್ಕದಲ್ಲೇ 105 ಇಂಚಿನ ಇನ್ನೊಂದು. ಇವೇ ಡಾಡ್ಜ್ ಮತ್ತು ವೇಲಿಯಂಟ್‌ನ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನ ತನಕದ ದೂರ. ಪೂರ್ತಿ ಒಂದು ಅಡಿ ವ್ಯತ್ಯಾಸ! ನೀರಿನ ಟ್ಯಾಂಕ್ ಹತ್ತಿರ ಶುರುವಾದ ಡಾಡ್ಜ್ ಗೆರೆ ಬಟ್ಟೆ ಒಣಹಾಕುವ ಕಂಬ ದಾಟಿ ಹೋಯಿತು, ವೇಲಿಯಂಟ್ ಗೆರೆ ಕಂಬದ ಈಚೆಗೇ ನಿಂತಿತು. ಫೋಟೋದಲ್ಲಿ ಇದು ಗೊತ್ತೇ ಆಗುವುದಿಲ್ಲ.

ಇನ್ನು ಎಂಜಿನ್. ಜಾಸ್ತಿ ಜನ ಎಡವುವುದು ಇಲ್ಲೇ. ಡಾಡ್ಜ್‌ನ 440 ಮ್ಯಾಗ್ನಮ್ ಅನ್ನುವ ಎಂಟು ಸಿಲಿಂಡರ್‌ನ ವಿ8 ಎಂಜಿನ್ 7.2 ಲೀಟರ್, 375 ಹಾರ್ಸ್‌ಪವರ್. ಇ49ರದು 4.3 ಲೀಟರ್, ಸಾಲಾಗಿ ಆರು ಸಿಲಿಂಡರ್, ಪಕ್ಕದಲ್ಲಿ ಪೆಟ್ರೋಲ್ ಮತ್ತು ಗಾಳಿ ಬೆರೆಸುವ ವೆಬರ್ ಕಂಪನಿಯ ಮೂರು ಕಾರ್ಬ್ಯುರೇಟರ್, 302 ಹಾರ್ಸ್‌ಪವರ್. ಡಾಡ್ಜ್ ಗೆದ್ದಿತು ಅಂತ ಇಲ್ಲಿಗೇ ನಿಲ್ಲಿಸಬೇಡಿ, ತೂಕದಿಂದ ಭಾಗಿಸಿ. ಡಾಡ್ಜ್ ಸುಮಾರು 1,750 ಕಿಲೋ, ಇ49 ಸುಮಾರು 1,370. ಒಂದು ಟನ್‌ಗೆ ಲೆಕ್ಕ ಹಾಕಿದರೆ ಡಾಡ್ಜ್‌ಗೆ 214, ವೇಲಿಯಂಟ್‌ಗೆ 220. ನನಗಂತೂ ನಂಬಲಾಗದೆ ಮತ್ತೊಮ್ಮೆ ಕೂಡಿ ಕಳೆದು ನೋಡಿದೆ, ಅಷ್ಟೇ ಬಂತು.

ಒಂದು ಎಚ್ಚರಿಕೆ. ಈ ಹಾರ್ಸ್‌ಪವರ್ ಅಂಕಿಗಳೆಲ್ಲ ಗ್ರಾಸ್, ಅಂದರೆ ಫ್ಯಾನು, ಆಲ್ಟರ್ನೇಟರ್, ಸೈಲೆನ್ಸರ್ ಇಲ್ಲದೆ ಎಂಜಿನ್ ಒಂದನ್ನೇ ಓಡಿಸಿ ಅಳೆದದ್ದು. 1972ರಿಂದ ಅಮೆರಿಕದವರು ಎಲ್ಲವನ್ನೂ ಜೋಡಿಸಿ ನೆಟ್ ಲೆಕ್ಕ ಕೊಡಲು ಶುರು ಮಾಡಿದರು, ಆಗ ಅದೇ 440 ಮ್ಯಾಗ್ನಮ್ 280ಕ್ಕೆ ಇಳಿಯಿತು. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುವ ಪ್ರಮಾಣ, ಕೂಡ ಕಡಿಮೆ ಮಾಡಿದ್ದರು, ನಿಜ, ಆದರೆ ಜಾಸ್ತಿ ಪಾಲು ಅಳತೆಯದ್ದೇ. ಒಂದರ ಗ್ರಾಸ್, ಇನ್ನೊಂದರ ನೆಟ್ ಇಟ್ಟುಕೊಂಡರೆ ಹೋಲಿಕೆಯೇ ಹಾಳು.

ನಮ್ಮ ಊರನ್ನೂ ಲೆಕ್ಕಕ್ಕೆ ಸೇರಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಇಲ್ಲಿ ಗಾಳಿ ತೆಳು, ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇಲ್ಲದ ಎಂಜಿನ್‌ಗೆ ಹತ್ತಿರ ಹತ್ತಿರ ಹತ್ತರಲ್ಲಿ ಒಂದು ಪಾಲು ಶಕ್ತಿ ಹೋಗುತ್ತದೆ, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತಿನ ಜೆಟ್ ಕೂಡ ಚಿಕ್ಕದು ಹಾಕಬೇಕಾಗುತ್ತದೆ. ಮೂರು ವೆಬರ್ ಇದ್ದರೆ ಮೂರನ್ನೂ ಒಂದೇ ಹದಕ್ಕೆ ತರಬೇಕು. ತಾಳ್ಮೆ ಬೇಕು, ಅದೇ ಇ49ರ ಕಷ್ಟ.

ಕೊನೆಗೆ ಯಾವುದು ಯಾತಕ್ಕೆ ಹುಟ್ಟಿತು ಅಂತ ನೋಡಿ. ಡಾಡ್ಜ್ ನೇರ ದಾರಿಯಲ್ಲಿ ಗುಡುಗುವ ಕಾರು. ಇ49ರ ಕಣ್ಣು ಆಸ್ಟ್ರೇಲಿಯಾದ ಬಾಥರ್ಸ್ಟ್ ಮೇಲೆ, ಗುಡ್ಡ ಹತ್ತಿಳಿಯುವ ಆರು ಕಿಲೋಮೀಟರ್ ಚಿಲ್ಲರೆ ರೇಸ್ ಟ್ರ್ಯಾಕ್ ಅದು, ಅಲ್ಲಿ ಹಗುರ ಇದ್ದಷ್ಟೂ ಒಳ್ಳೆಯದು. ನನ್ನ ಮತ ಇ49ಕ್ಕೇ. ಅದರ ಸ್ಟೀರಿಂಗ್ ಬಲಗಡೆ, ನಮ್ಮ ಹಾಗೆ. ಡಾಡ್ಜ್‌ನಲ್ಲಿ ಎಡಗಡೆ ಕೂತು ಮೈಸೂರು ಕಡೆಯ ಹಳೇ ರಸ್ತೆಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೆ, ಎದುರಿಗೆ ಏನು ಬರ್ತಿದೆ ಅಂತ ಪಕ್ಕದವರನ್ನೇ ಕೇಳಬೇಕು, ಅಲ್ವಾ?