ರಸ್ತೆಯ ಲೆಕ್ಕ ಕೇಳುವ ಅರ್ಜಿ: ‘ಯಾಕೆ’ ಬಿಡಿ, ‘ಪ್ರತಿ ಕೊಡಿ’ ಎನ್ನಿ

ಊರಿನ ಕಾಂಕ್ರೀಟ್ ರಸ್ತೆ ಎರಡನೇ ಮಳೆಗಾಲಕ್ಕೇ ಜಲ್ಲಿ ಎದ್ದು ಕೂತಾಗ ಜನ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಾರೆ. ಹಾಕುವುದು ಸರಿಯೇ. ಆದರೆ ಅರ್ಜಿಯಲ್ಲಿ ಇರುವುದು ಇಷ್ಟು: “ನಮ್ಮ ಬೀದಿಯ ರಸ್ತೆ ಯಾಕೆ ಕಳಪೆಯಾಗಿದೆ? ಇದಕ್ಕೆ ಹೊಣೆ ಯಾರು? ಅವರ ಮೇಲೆ ಕ್ರಮ ಯಾವಾಗ?” ತಿಂಗಳು ಕಾದ ಮೇಲೆ ಒಂದೇ ಸಾಲಿನ ಉತ್ತರ ಬರುತ್ತದೆ: “ತಾವು ಕೋರಿರುವ ಅಂಶಗಳು ಮಾಹಿತಿಯ ವ್ಯಾಖ್ಯೆಯಡಿ ಬರುವುದಿಲ್ಲ.” ಕಾನೂನಿನ ಕಣ್ಣಲ್ಲಿ ಆ ಉತ್ತರ ತಪ್ಪೂ ಅಲ್ಲ. ಕಚೇರಿಯಲ್ಲಿ ಇರುವ ದಾಖಲೆ ಕೊಡಬೇಕೇ ಹೊರತು ಹೊಸದಾಗಿ ಅಭಿಪ್ರಾಯ, ವಿವರಣೆ ತಯಾರಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕೇಳಬೇಕಾದದ್ದು ಕಾಗದವನ್ನು. ಗ್ರಾಮ ಪಂಚಾಯಿತಿಯ ಒಂದು ರಸ್ತೆಯನ್ನೇ ಇಟ್ಟುಕೊಂಡು ಅದು ಹೇಗೆಂದು ನೋಡೋಣ.

ಮೊದಲು, ರಸ್ತೆ ಮಾಡಿಸಿದ್ದು ಯಾರು?

ಊರೊಳಗಿನ ರಸ್ತೆಯೆಲ್ಲ ಪಂಚಾಯಿತಿಯೇ ಮಾಡಿಸಿದ್ದಲ್ಲ. ಹಣಕಾಸು ಆಯೋಗದ ಅನುದಾನವೋ ಪಂಚಾಯಿತಿಯ ಸ್ವಂತ ತೆರಿಗೆ ಹಣವೋ ಆದರೆ ಲೆಕ್ಕ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ ಇರುತ್ತದೆ. ಶಾಸಕರ ನಿಧಿಯ ಕೆಲಸ ಜಿಲ್ಲಾಧಿಕಾರಿ ಕಚೇರಿಯಿಂದ ಮಂಜೂರಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಅಥವಾ ಕೆಆರ್‌ಐಡಿಎಲ್‌ನಂಥ ಸರ್ಕಾರಿ ನಿರ್ಮಾಣ ಸಂಸ್ಥೆಯ ಕೈಗೆ ಹೋಗಿರಬಹುದು. ರಸ್ತೆ ಬದಿಯ ಕಾಮಗಾರಿ ಫಲಕ ನೋಡಿ. ಫಲಕ ಇಲ್ಲವೇ? ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯಿತಿಯ ಕ್ರಿಯಾ ಯೋಜನೆ ಮತ್ತು ಖರ್ಚು ಸಿಗುತ್ತದೆ. ಕಾಮಗಾರಿಯ ಹೆಸರು ಅಲ್ಲಿ ಹೇಗಿದೆಯೋ ಅಕ್ಷರಶಃ ಹಾಗೇ ಬರೆದುಕೊಳ್ಳಿ. “ನಮ್ಮ ಬೀದಿ ರಸ್ತೆ” ಎಂದರೆ “ಯಾವ ಬೀದಿ ಎಂದು ಸ್ಪಷ್ಟವಿಲ್ಲ” ಎಂಬ ಉತ್ತರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಕಚೇರಿ ತಪ್ಪಿದರೂ ಅರ್ಜಿ ಸಾಯುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3)ರ ಪ್ರಕಾರ 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಿ ನಿಮಗೆ ತಿಳಿಸಬೇಕು. ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್ ವಿಚಾರದಲ್ಲಿ ಮಾತ್ರ ಎಚ್ಚರ. ಅದರಲ್ಲಿ ರಾಜ್ಯದ ಕಚೇರಿಗೆ ಅರ್ಜಿ ಹಾಕಿದರೆ ಅರ್ಜಿ ವಾಪಸು ಬರುತ್ತದೆ, ಕಟ್ಟಿದ ಶುಲ್ಕ ಬರುವುದಿಲ್ಲ. ಕರ್ನಾಟಕಕ್ಕೆ ಪ್ರತ್ಯೇಕ ಪೋರ್ಟಲ್ ಇದೆ. ಅದರ ಪಟ್ಟಿಯಲ್ಲಿ ನಿಮ್ಮ ಕಚೇರಿ ಇದ್ದರೆ ಮಾತ್ರ ಬಳಸಿ.

ಕೇಳುವ ಸಾಲುಗಳು

ಮುಗ್ಗರಿಸುವುದು ಇಲ್ಲೇ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ.

ಕರ್ನಾಟಕದ ನಿಯಮದಲ್ಲಿ ಎರಡು ಕಟ್ಟುಪಾಡುಗಳಿವೆ: ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ರಸ್ತೆ, ಬೀದಿದೀಪ, ಕುಡಿಯುವ ನೀರು ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅಧಿಕಾರಿ ಮೊದಲ ವಿಷಯಕ್ಕಷ್ಟೇ ಉತ್ತರಿಸಿ, ಉಳಿದವಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ, ವಾಟ್ಸಾಪಿನಲ್ಲಿ ಹರಿದಾಡುವ 30-40 ಪ್ರಶ್ನೆಗಳ ರೆಡಿಮೇಡ್ ಅರ್ಜಿಗಳು ಬಿದ್ದುಹೋಗುವುದು ಇದೇ ಕಾರಣಕ್ಕೆ. ನೂರಾರು ರೂಪಾಯಿ ಪಡೆದು ಅರ್ಜಿ ಹಾಕಿಕೊಡುವ ಜಾಲತಾಣಗಳೂ ಬೇಡ. ಅವರು ಬರೆದ ಸಾಲಿನಲ್ಲಿ ನಿಮ್ಮ ರಸ್ತೆ ಇರುವುದಿಲ್ಲ.

ಅರ್ಜಿಯ ಒಡಲು ಹೀಗಿರಲಿ:

“ವಿಷಯ: ಮಾರಮ್ಮನ ಗುಡಿಯಿಂದ ಸರ್ಕಾರಿ ಶಾಲೆವರೆಗಿನ ಕಾಂಕ್ರೀಟ್ ರಸ್ತೆ ಕಾಮಗಾರಿ, 2023-24. ಈ ಕಾಮಗಾರಿಯ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ಕೊಡಿ: 1. ತಾಂತ್ರಿಕ ಮಂಜೂರಾತಿ ಪಡೆದ ಅಂದಾಜು ಪಟ್ಟಿ. 2. ಕಾರ್ಯಾದೇಶ ಮತ್ತು ಕರಾರು ಪತ್ರ. 3. ಅಳತೆ ಪುಸ್ತಕದಲ್ಲಿ ಈ ಕಾಮಗಾರಿಗೆ ಸೇರಿದ ಎಲ್ಲ ಪುಟಗಳು. 4. ಪಾವತಿಸಿದ ಬಿಲ್ಲುಗಳು ಮತ್ತು ವೋಚರುಗಳು. 5. ಗುಣಮಟ್ಟ ಪರೀಕ್ಷಾ ವರದಿಗಳು. ಪ್ರತಿ ಕೊಡುವ ಮುನ್ನ ಕಡತ ಪರಿಶೀಲಿಸಲು ದಿನ, ಸಮಯ ತಿಳಿಸಿ.”

ಅಷ್ಟೇ. ಒಂದೂ ಪ್ರಶ್ನಾರ್ಥಕ ಚಿಹ್ನೆ ಇಲ್ಲದಿರುವುದನ್ನು ಗಮನಿಸಿ. ಭ್ರಷ್ಟಾಚಾರ, ಕಳಪೆ, ಲೂಟಿ ಎಂಬ ಮಾತೂ ಇಲ್ಲ. ಮಾಹಿತಿ ಯಾಕೆ ಬೇಕೆಂದು ಹೇಳಬೇಕಿಲ್ಲ ಎಂದು ಕಲಂ 6(2) ಸ್ಪಷ್ಟವಾಗಿ ಹೇಳುತ್ತದೆ. ಸಿಟ್ಟು ನ್ಯಾಯವಾದದ್ದೇ ಇರಬಹುದು, ಆದರೆ ಅರ್ಜಿಯಲ್ಲಿ ಅದನ್ನು ತೋಡಿಕೊಂಡರೆ ಸಾಲುಗಳು ವ್ಯರ್ಥ, ಅಧಿಕಾರಿಗೂ ಮುನ್ನೆಚ್ಚರಿಕೆ.

ಕರಾರು ಪತ್ರವನ್ನು ಜನ ಕೇಳುವುದೇ ಇಲ್ಲ. ಅದರಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂಬ ಷರತ್ತು ಇರುತ್ತದೆ. ಆ ಅವಧಿಯೊಳಗೆ ರಸ್ತೆ ಕೆಟ್ಟರೆ ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ಅವಧಿ ಮುಗಿಯಲು ಎರಡು ತಿಂಗಳು ಉಳಿದಿದೆ ಎಂದು ಗೊತ್ತಾದರೆ ನಿಮ್ಮ ಕೆಲಸ ಅರ್ಧ ಆದಂತೆ.

ಆದ ಕೆಲಸವನ್ನು ಎಂಜಿನಿಯರ್ ಅಳೆದು ಬರೆದಿಡುವ ಅಳತೆ ಪುಸ್ತಕದ ವಿಚಾರದಲ್ಲಿ ಪದಗಳನ್ನು ತೂಕ ಮಾಡಿ. “ಅಳತೆ ಪುಸ್ತಕ ಕೊಡಿ” ಎಂದರೆ ಒಂದೇ ಪುಸ್ತಕದಲ್ಲಿ ಹತ್ತಾರು ಕಾಮಗಾರಿಗಳಿರುತ್ತವೆ, ಪೂರ್ತಿ ಕೊಡಲಾಗದು ಎಂಬ ಉತ್ತರ ಬರುತ್ತದೆ. “ಈ ಕಾಮಗಾರಿಗೆ ಸೇರಿದ ಪುಟಗಳು” ಎಂದೇ ಕೇಳಿ. ಪುಸ್ತಕ ಕಿರಿಯ ಎಂಜಿನಿಯರ್ ಬಳಿ ಇದ್ದು, ಪಿಡಿಒ “ನಮ್ಮ ಕಚೇರಿಯಲ್ಲಿ ಲಭ್ಯವಿಲ್ಲ” ಎಂದು ಬರೆಯುವುದೂ ಉಂಟು. ಅದು ಉತ್ತರವಲ್ಲ. ಮತ್ತೊಬ್ಬ ಅಧಿಕಾರಿಯ ನೆರವು ಕೇಳುವ ಅಧಿಕಾರ ಕಲಂ 5(4)ರಲ್ಲಿದೆ. ನೆರವು ಕೇಳಿಸಿಕೊಂಡ ಅಧಿಕಾರಿಯನ್ನೂ ಮಾಹಿತಿ ಅಧಿಕಾರಿಯೆಂದೇ ಪರಿಗಣಿಸಬೇಕು ಎಂದು 5(5) ಹೇಳುತ್ತದೆ.

ಕೂಲಿಕಾರರ ಆಧಾರ್, ಗುತ್ತಿಗೆದಾರರ ಬ್ಯಾಂಕ್ ಖಾತೆ, ಮನೆ ವಿಳಾಸ ಕೇಳಬೇಡಿ. ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ ಕಲಂ 8(1)(ಜೆ)ಗೆ ಆದ ತಿದ್ದುಪಡಿ 2025ರ ನವೆಂಬರ್‌ನಿಂದ ಜಾರಿಯಲ್ಲಿದ್ದು, ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ನಿರಾಕರಿಸುವುದು ಈಗ ಮೊದಲಿಗಿಂತ ಸುಲಭ. ಅಂಥ ವಿವರ ಬಿಲ್ಲಿನಲ್ಲಿ ಇದ್ದರೆ ಕಲಂ 10ರಂತೆ ಅಷ್ಟನ್ನು ಮರೆಮಾಡಿ ಉಳಿದದ್ದು ಕೊಡಿ ಎಂದು ಒಂದು ಸಾಲು ಸೇರಿಸಿ. ರಸ್ತೆಯ ದಪ್ಪ ಯಾರ ವೈಯಕ್ತಿಕ ವಿಷಯವೂ ಅಲ್ಲ.

ಹತ್ತು ರೂಪಾಯಿ ಮತ್ತು ಸ್ವೀಕೃತಿ

ಕರ್ನಾಟಕದ ನಿಯಮದಲ್ಲಿರುವ ಅರ್ಜಿ ನಮೂನೆಯಾದ ‘ನಮೂನೆ ಎ’ಯಲ್ಲೇ ಬರೆಯಿರಿ, ತಕರಾರಿಗೆ ಎಡೆ ಇರುವುದಿಲ್ಲ. ಶುಲ್ಕ 10 ರೂಪಾಯಿ. ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಎಲ್ಲಕ್ಕಿಂತ ಒಳ್ಳೆಯದು. ಅದರಲ್ಲಿ ಪಡೆಯುವವರ ಜಾಗ ಖಾಲಿ ಬಿಡದೆ ಸಾರ್ವಜನಿಕ ಮಾಹಿತಿ ಅಧಿಕಾರಿ ಎಂದು ಬರೆದು ಕಚೇರಿಯ ಹೆಸರು ಸೇರಿಸಿ, ಅದರ ಸಂಖ್ಯೆಯನ್ನು ಅರ್ಜಿಯಲ್ಲೂ ನಮೂದಿಸಿ. ಬಿಪಿಎಲ್ ಕುಟುಂಬದವರು ಕಾರ್ಡಿನ ಪ್ರತಿ ಲಗತ್ತಿಸಿದರೆ ಶುಲ್ಕ ಇಲ್ಲ. ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ. ತಗೊಳ್ಳಲು ಒಲ್ಲೆ ಎಂದರೆ ವಾದ ಬೇಡ, ಸೀದಾ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಖಾಸಗಿ ಕೊರಿಯರ್ ಬೇಡ.

ಉತ್ತರ ಬಂದ ಮೇಲೆ

ಅರ್ಜಿ ತಲುಪಿದ 30 ದಿನದೊಳಗೆ ಉತ್ತರ ಬರಬೇಕು. ಗುತ್ತಿಗೆದಾರರ ಗೌಪ್ಯ ಮಾಹಿತಿ ಎಂದು ಅವರಿಗೆ ನೋಟಿಸ್ ಕೊಟ್ಟರೂ 40 ದಿನ ಮೀರುವಂತಿಲ್ಲ. ಪ್ರತಿಗಳಿಗೆ ಎ4 ಪುಟಕ್ಕೆ 2 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಕೇಳಿ ಪತ್ರ ಬರುತ್ತದೆ; ನೀವು ಹಣ ಕಟ್ಟುವವರೆಗಿನ ದಿನಗಳು ಲೆಕ್ಕಕ್ಕೆ ಸೇರುವುದಿಲ್ಲ, ಹಾಗಾಗಿ ತಡ ಮಾಡಬೇಡಿ. “3,000 ರೂಪಾಯಿ ಕಟ್ಟಿ” ಎಂದಷ್ಟೇ ಬರೆದಿದ್ದರೆ ಎಷ್ಟು ಪುಟ, ಯಾವ ಲೆಕ್ಕ ಎಂದು ಲಿಖಿತವಾಗಿ ಕೇಳಿ. ಲೆಕ್ಕ ತೋರಿಸುವುದು ಅವರ ಕರ್ತವ್ಯ. 30 ದಿನ ದಾಟಿದ ಮೇಲೆ ಶುಲ್ಕ ಕೇಳಿದರೆ ಕಟ್ಟಬೇಕಿಲ್ಲ, ಕಲಂ 7(6)ರಂತೆ ಉಚಿತವಾಗಿ ಕೊಡಬೇಕು.

ಕಡತ ಪರಿಶೀಲನೆ ಮೊದಲು, ಪ್ರತಿ ಆಮೇಲೆ. ಇದರಲ್ಲಿ ರಾಜಿ ಬೇಡ. ಇಡೀ ಕಡತ ತರಿಸಿಕೊಂಡರೆ ಬೇಡದ ಪತ್ರವ್ಯವಹಾರಕ್ಕೂ ದುಡ್ಡು ಕೊಡುತ್ತೀರಿ, ಬೇಕಾದ ಪುಟವೇ ಬಿಟ್ಟುಹೋಗಿದ್ದರೆ ಗೊತ್ತೂ ಆಗುವುದಿಲ್ಲ. ಕಚೇರಿಯಲ್ಲಿ ಕೂತು ಪುಟ ತಿರುವಿ, ಪುಟಸಂಖ್ಯೆ ಬರೆದುಕೊಂಡು, “ಈ 14 ಪುಟಗಳ ಪ್ರತಿ ಸಾಕು” ಎಂದು ಬರೆದುಕೊಟ್ಟು ಬನ್ನಿ.

ಉತ್ತರವೇ ಬಾರದಿದ್ದರೆ ಅದು ನಿರಾಕರಣೆಗೆ ಸಮ. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಪಂಚಾಯಿತಿಯದಾದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ. ಅವರಿಗೆ 30, ಹೆಚ್ಚೆಂದರೆ 45 ದಿನ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಯಲ್ಲೂ ಆಯೋಗದ ಪೀಠಗಳಿವೆ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಇರುವುದು ಆಯೋಗಕ್ಕೆ ಮಾತ್ರ. ಮೇಲ್ಮನವಿಯಲ್ಲಿ ಹೊಸ ದಾಖಲೆ ಕೇಳಬೇಡಿ, ಹಳೆಯ ಅರ್ಜಿಯ ಯಾವ ಅಂಶ ಸಿಕ್ಕಿಲ್ಲ ಎಂದಷ್ಟೇ ಹೇಳಿ.

ಅಳತೆ ಪುಸ್ತಕ ಹಿಡಿದು ರಸ್ತೆಗೆ

ಪುಟ ಕೈಗೆ ಬಂತು ಎನ್ನಿ. ಅದರಲ್ಲಿ ಉದ್ದ, ಅಗಲ, ದಪ್ಪ, ಕೊನೆಗೆ ಪ್ರಮಾಣ ಎಂಬ ಕಾಲಂಗಳಿರುತ್ತವೆ. ಉದ್ದ 100 ಮೀಟರ್, ಅಗಲ 3.5 ಮೀಟರ್, ದಪ್ಪ 0.15 ಮೀಟರ್ ಎಂದಿದ್ದರೆ ಕಾಂಕ್ರೀಟ್ 52.5 ಘನ ಮೀಟರ್. ಉದ್ದ, ಅಗಲ ಟೇಪಿನಲ್ಲಿ ಅಳೆಯಬಹುದು. ಅದರಲ್ಲಿ ಮೋಸ ಮಾಡುವುದು ಕಷ್ಟ. ಕದಿಯುವುದು ದಪ್ಪದಲ್ಲಿ. 15 ಸೆಂಟಿಮೀಟರ್ ಬದಲು 10 ಹಾಕಿದರೆ ನೆಲದಲ್ಲಿರುವುದು 35 ಘನ ಮೀಟರ್, ಬಿಲ್ಲಾದದ್ದು 52.5. ಹದಿನೇಳೂವರೆ ಘನ ಮೀಟರ್ ಕಾಂಕ್ರೀಟಿನ ದುಡ್ಡು ಹೋಯಿತು.

ದಪ್ಪ ನೋಡಲು ರಸ್ತೆ ಅಗೆಯಬೇಡಿ, ಅದು ಅಪರಾಧವಾಗುತ್ತದೆ. ಜಲ ಜೀವನ್ ಮಿಷನ್ ಕೊಳವೆಗೋ ಮನೆಯ ನಲ್ಲಿಗೋ ರಸ್ತೆ ಕತ್ತರಿಸಿದ ಜಾಗ ಹುಡುಕಿ. ಕತ್ತರಿಸಿದ ಅಂಚಿನಲ್ಲಿ ಕಾಂಕ್ರೀಟಿನ ಪದರ ಬ್ರೆಡ್ಡಿನ ಹೋಳಿನಂತೆ ಕಾಣುತ್ತದೆ. ಸ್ಕೇಲ್ ಇಟ್ಟು, ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ರಸ್ತೆಯ ಬದಿಯಲ್ಲಿ ದಪ್ಪ ಕಡಿಮೆ ಇರುವುದು ಸಹಜ ಎಂಬ ಸಮಜಾಯಿಷಿ ಬರುತ್ತದೆ, ಆದ್ದರಿಂದ ನಡುಭಾಗದ ಕತ್ತರಿನಲ್ಲೇ, ಕನಿಷ್ಠ ಮೂರು ಕಡೆ ಅಳೆಯಿರಿ. ವ್ಯತ್ಯಾಸ ಕಂಡರೆ ಮಾಹಿತಿ ಹಕ್ಕಿನಲ್ಲೇ ಇನ್ನೊಂದು ಬಾಗಿಲಿದೆ: ಕಲಂ 2(ಜೆ) ಪ್ರಕಾರ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಿಮ್ಮದೇ. ಅದಕ್ಕೆ ಬೇರೆ ಅರ್ಜಿ, ಬೇರೆ ಹತ್ತು ರೂಪಾಯಿ.

ಪಂಚಾಯಿತಿಯ ಲೆಕ್ಕ ಜನರೆದುರು ಓದುವ ಜಮಾಬಂಧಿ ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯುತ್ತದೆ. ಮೇಲ್ಮನವಿಗೆ ಹಿಡಿಯುವ ಸಮಯವನ್ನೂ ಲೆಕ್ಕ ಹಾಕಿದರೆ ಅರ್ಜಿ ಏಪ್ರಿಲ್‌ನಲ್ಲೇ ಹೋಗಬೇಕು. ಆಗ ಜಮಾಬಂಧಿಯ ದಿನ ಅಳತೆ ಪುಸ್ತಕದ ಪುಟ, ಸ್ಕೇಲಿನ ಫೋಟೊ ಎರಡನ್ನೂ ಮೇಜಿನ ಮೇಲಿಟ್ಟು, ನಿಮ್ಮ ಆಕ್ಷೇಪವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನೂ ಕೇಳಿ ಪಡೆಯಿರಿ.