ನೆರಳು ಅಳೆದು ಮಂಗಳನ ಕುಳಿಗೆ ಇಳಿದೆ

ಮಂಗಳನ ಕುಳಿಗಳನ್ನು ನಾನು ನೋಡಲು ಶುರು ಮಾಡಿದ್ದು ಮನೆಯ ಲ್ಯಾಪ್‌ಟಾಪಿನಲ್ಲಿ. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಜೆಮಾರ್ಸ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. 2006ರಿಂದ ಮಂಗಳನನ್ನು ಸುತ್ತುತ್ತಿರುವ ನಾಸಾದ ಎಂಆರ್‌ಒ ನೌಕೆ ತೆಗೆದ ಚಿತ್ರಗಳನ್ನು ಅದರಲ್ಲೇ ತೆರೆಯಬಹುದು. ನಾನು ಹೆಚ್ಚಾಗಿ ಬಳಸುವುದು ಅದೇ ನೌಕೆಯ ಸಿಟಿಎಕ್ಸ್ ಕ್ಯಾಮೆರಾದ ಚಿತ್ರಗಳನ್ನು. ಅದರಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 6 ಮೀಟರ್ ನೆಲ.

ಮೊದಲ ಚಿತ್ರದಲ್ಲಿ ನನಗೆ ಕಂಡಿದ್ದೆಲ್ಲ ಗುಡ್ಡಗಳೇ. ಬೆಳಕು ಮೇಲಿನಿಂದ ಬರುತ್ತದೆ ಅಂತ ನಮ್ಮ ಕಣ್ಣು ನಂಬಿಬಿಟ್ಟಿರುತ್ತದೆ, ಅಲ್ವಾ? ಆ ಚಿತ್ರದಲ್ಲಿ ಬಿಸಿಲು ಕೆಳಗಿನ ಎಡಮೂಲೆಯಿಂದ ಬಿದ್ದಿತ್ತು. ಚಿತ್ರವನ್ನು ತಲೆಕೆಳಗು ಮಾಡಿದೆ. ಗುಡ್ಡಗಳೆಲ್ಲ ಒಮ್ಮೆಲೇ ಕುಳಿಗಳಾದವು. ಅವತ್ತಿನಿಂದ ಯಾವ ಚಿತ್ರ ತೆರೆದರೂ ಮೊದಲು ಬಿಸಿಲು ಯಾವ ಕಡೆಯದು ಅಂತ ನೋಡುತ್ತೇನೆ.

ಆಮೇಲೆ ಆಳ ಅಳೆಯುವ ಆಸೆ ಹುಟ್ಟಿತು. ಹೆಸರಿಲ್ಲದ, 800 ಮೀಟರ್ ಅಗಲದ ಒಂದು ಕುಳಿ ಆರಿಸಿಕೊಂಡೆ. ಅಂಚಿನ ನೆರಳು ಸರಿಯಾಗಿ ತಳದ ಮೇಲೆ ಮುಗಿಯುತ್ತಿತ್ತು. ಬಿಸಿಲು ಬೀಳುವ ದಿಕ್ಕಿನಲ್ಲೇ ಎಣಿಸಿದರೆ 67 ಪಿಕ್ಸೆಲ್, ಅಂದರೆ ಸುಮಾರು 400 ಮೀಟರ್. ನೆರಳಿನ ಉದ್ದವನ್ನು ಸೂರ್ಯನ ಎತ್ತರದ ಕೋನದ ಟ್ಯಾನ್‌ನಿಂದ (ತ್ರಿಕೋನಮಿತಿಯ ಟ್ಯಾಂಜೆಂಟ್) ಗುಣಿಸಿದರೆ ಆಳ ಸಿಗುತ್ತದೆ. ಚಿತ್ರದ ವಿವರದಲ್ಲಿ 70 ಡಿಗ್ರಿ ಅಂತಿತ್ತು. ಹಾಗೇ ಗುಣಿಸಿದೆ. ಆಳ 1,100 ಮೀಟರ್ ಬಂತು! ಅಗಲಕ್ಕಿಂತ ಆಳ ಜಾಸ್ತಿ ಇರುವ ಉಲ್ಕಾಕುಳಿ ಎಲ್ಲಿಯದು? ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ ತಪ್ಪು ಸಿಕ್ಕಿತು. ವಿವರದಲ್ಲಿ ಕೊಡುವ ಕೋನ ನೆತ್ತಿಯಿಂದ ಅಳೆದದ್ದು. ಸೂರ್ಯ ದಿಗಂತದಿಂದ ಇದ್ದದ್ದು ಬರೀ 20 ಡಿಗ್ರಿ ಮೇಲೆ. ಈಗ ಲೆಕ್ಕ ಹಾಕಿದರೆ ಸುಮಾರು 145 ಮೀಟರ್. ಹೊಸದಾದ ಸಣ್ಣ ಕುಳಿಯ ಆಳ ಅದರ ಅಗಲದ ಐದನೇ ಒಂದು ಭಾಗದಷ್ಟಿರುತ್ತದೆ. ನನ್ನ ಕುಳಿ ಅದಕ್ಕೆ ಹತ್ತಿರ ಬಂದಾಗ ಆದ ಸಂತೋಷ ಹೇಳತೀರದು.

ಎಲ್ಲ ಕುಳಿಗಳೂ ಹೀಗೆ ಸುಮ್ನೆ ಬಟ್ಟಲಿನ ಹಾಗಿರುವುದಿಲ್ಲ. ಯೂಟಿ ಎಂಬ ಕುಳಿಯನ್ನು ಒಮ್ಮೆ ನೋಡಿ. ಕೆಸರುಗದ್ದೆಗೆ ದೊಡ್ಡ ಕಲ್ಲು ಎಸೆದ ಹಾಗೆ ಸುತ್ತಲೂ ದಳದಳವಾಗಿ ಮಣ್ಣು ಹರಿದಿದೆ. ನೆಲದೊಳಗಿನ ಮಂಜುಗಡ್ಡೆ ಉಲ್ಕೆಯ ಏಟಿನ ಬಿಸಿಗೆ ಕರಗಿ ಮಣ್ಣಿನ ಜೊತೆ ಹರಿದಿರಬೇಕು ಅಂತ ಅನೇಕ ವಿಜ್ಞಾನಿಗಳು ಹೇಳುತ್ತಾರೆ. ಈಗ ನಾನು ಅಂಥ ಕೆಸರಂಚಿನ ಕುಳಿಗಳನ್ನೇ ಹುಡುಕಿ, ಒಂದೊಂದರ ಅಗಲ ಬರೆದಿಟ್ಟುಕೊಳ್ಳುತ್ತಿದ್ದೇನೆ.