ಮಧ್ಯಾಹ್ನದ ಮಂಕು: ಮಾತ್ರೆ ಡಬ್ಬಿಗೆ ಮೊದಲು ಮಾಡಬೇಕಾದ್ದು

ಊಟ ಮಾಡಿ ಬಂದು ಕೂತ ಅರ್ಧ ಗಂಟೆಗೆಲ್ಲ ಕಣ್ಣು ಎಳೆಯುತ್ತದೆ. ಓದಿದ ಸಾಲನ್ನೇ ಮತ್ತೆ ಮತ್ತೆ ಓದುವ ಹಾಗಾಗುತ್ತದೆ. ಇದಕ್ಕೆಂದೇ ಮೆಡಿಕಲ್ ಶಾಪಿನಲ್ಲಿ ‘ಫೋಕಸ್’, ‘ಎನರ್ಜಿ’ ಎಂದು ಬರೆದ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಅವನ್ನು ಕೊಳ್ಳುವುದು ಕೊನೆಯ ಹೆಜ್ಜೆ. ಮೊದಲಿನವು ಸರಿಹೋದರೆ ಬಹಳ ಜನ ಅಲ್ಲಿಯವರೆಗೆ ಹೋಗಬೇಕಾಗಿಯೇ ಇಲ್ಲ.

ಹೆಜ್ಜೆ 1: ರಕ್ತ ಪರೀಕ್ಷೆ

ಸುಸ್ತು ಮೂರ್ನಾಲ್ಕು ವಾರವಾದರೂ ಬಿಡದಿದ್ದರೆ ವೈದ್ಯರನ್ನು ಕಂಡು ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಬಿ12, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ ಇಷ್ಟನ್ನು ಮಾಡಿಸಿ. ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ದೇಹದ ಕಬ್ಬಿಣದ ದಾಸ್ತಾನು ಬರಿದಾದ ಮೇಲಷ್ಟೇ ಹಿಮೋಗ್ಲೋಬಿನ್ ಇಳಿಯುವುದು. ದಾಸ್ತಾನು ಎಷ್ಟಿದೆ ಎಂದು ಹೇಳುವುದು ಫೆರಿಟಿನ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅಂಥವರಿಗೆ ಏಕಾಗ್ರತೆಯ ಪುಡಿ ಕೊಟ್ಟು ಏನು ಪ್ರಯೋಜನ?

ಬಿ12 ಅನುಮಾನ ಮುಖ್ಯವಾಗಿ ಸಸ್ಯಾಹಾರಿಗಳಿಗೆ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿರುವವರಿಗೆ. ಮರೆವು, ಪಾದ ಜೋಮು ಹಿಡಿಯುವುದು, ನಾಲಿಗೆ ಉರಿ ಇದ್ದರೆ ತಡ ಮಾಡಬೇಡಿ. ವರದಿಯಲ್ಲಿ ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ (pg/mL) ಕಡಿಮೆ ಬಂದರೆ ಕೊರತೆ ಎಂದೇ ಲೆಕ್ಕ.

ಇಲ್ಲಿ ಎರಡು ತಪ್ಪು ಆಗುತ್ತಲೇ ಇರುತ್ತವೆ. ಒಂದು, ಬಿ12 ಮಾತ್ರೆ ಶುರು ಮಾಡಿ ಆಮೇಲೆ ರಕ್ತ ಕೊಡುವುದು. ಅಂಕಿ ಮೇಲೆ ಹೋಗಿ ಕೊರತೆ ಮುಚ್ಚಿಹೋಗುತ್ತದೆ. ಇನ್ನೊಂದು, ಕೂದಲಿಗೆಂದು ಬಯೋಟಿನ್ ತಿನ್ನುತ್ತಿರುವುದನ್ನು ಹೇಳದೆ ಬಿಡುವುದು. 5, 10 ಮಿಲಿಗ್ರಾಂನ ಬಯೋಟಿನ್ ಕೆಲವು ಲ್ಯಾಬ್ ಯಂತ್ರಗಳ ಥೈರಾಯ್ಡ್ ಅಂಕಿಯನ್ನೇ ತಿರುಚುತ್ತದೆ. ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ.

ಹೆಜ್ಜೆ 2: ಕಬ್ಬಿಣ ಒಳಗೆ ಇಳಿಯಬೇಕು

ವೈದ್ಯರು ಕಬ್ಬಿಣದ ಮಾತ್ರೆ ಬರೆದರೆ ಖಾಲಿ ಹೊಟ್ಟೆಯಲ್ಲಿ, ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಿ. ಹಾಲು, ಕ್ಯಾಲ್ಸಿಯಂ ಮಾತ್ರೆ, ಕಾಫಿ, ಟೀ ಹತ್ತಿರವೂ ಬೇಡ. ಕನಿಷ್ಠ ಒಂದೆರಡು ಗಂಟೆ ಅಂತರ ಇರಲಿ. ತಿಂಡಿಯ ಮೇಲೇ ಟೀ ಕುಡಿಯುವ ಅಭ್ಯಾಸವಿದ್ದರೆ ಸೊಪ್ಪು, ಕಾಳಿನ ಕಬ್ಬಿಣ ಟೀಯ ಒಗರಿಗೇ ಅಂಟಿಕೊಂಡು ಹೊರಗೆ ಹೋಗುತ್ತದೆ. ಸೊಪ್ಪಿನ ಸಾರಿಗೆ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿದರೆ ಅದೇ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ.

ಒಂದು ಮಾತ್ರೆ ನುಂಗಿದರೆ ದೇಹ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಏರಿಸಿ ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚಿಬಿಡುತ್ತದೆ. ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ, ಮಲಬದ್ಧತೆಯೂ ಕಡಿಮೆಯಾಗಬಹುದು. ಮಲ ಕಪ್ಪಾದರೆ ಗಾಬರಿ ಬೇಡ. ಹಿಮೋಗ್ಲೋಬಿನ್ ಸರಿಯಾದ ದಿನವೇ ಮಾತ್ರೆ ಬಿಡುವುದು ದೊಡ್ಡ ತಪ್ಪು. ದಾಸ್ತಾನು ತುಂಬಲು ಮತ್ತೆ ಸುಮಾರು 3 ತಿಂಗಳು ಬೇಕು.

ಹೆಜ್ಜೆ 3: ಕಾಫಿಯ ಲೆಕ್ಕ

ಕಾಫಿ ಶಕ್ತಿ ಕೊಡುವುದಿಲ್ಲ. ದಣಿವನ್ನು ಮಿದುಳಿಗೆ ತಿಳಿಸುವ ಅಡೆನೊಸಿನ್ ಕೂರುವ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ, ಅಷ್ಟೇ. ಅದು ಎದ್ದಾಗ ದಣಿವು ಅಲ್ಲೇ ಇರುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ 10ಕ್ಕೂ ಒಳಗೇ ಇರುತ್ತದೆ. ನಿದ್ದೆ ಬಂದರೂ ಗಾಢವಾಗದೆ ಮರುದಿನ ಮತ್ತೆ ಅದೇ ಮಂಕು, ಮತ್ತೊಂದು ಲೋಟ. ಕೊನೆಯ ಕಾಫಿ ಮಧ್ಯಾಹ್ನ 2ರ ಒಳಗೆ ಮುಗಿಯಲಿ.

ನಮ್ಮ ಫಿಲ್ಟರ್ ಕಾಫಿಯಲ್ಲಿ ಲೆಕ್ಕ ತಪ್ಪುವುದು ಪುಡಿಯಿಂದ. 70:30 ಪುಡಿ 10 ಗ್ರಾಂ ಹಾಕಿದರೆ ಅದರಲ್ಲಿ ಕಾಫಿ 7 ಗ್ರಾಂ ಮಾತ್ರ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಆ 7 ಗ್ರಾಂ ಅರೇಬಿಕಾ ಆದರೆ ಕೆಫೀನ್ ಹೆಚ್ಚೆಂದರೆ 85-100 ಮಿಲಿಗ್ರಾಂ, ರೊಬಸ್ಟಾ ಆದರೆ ಹತ್ತಿರಹತ್ತಿರ ಇಮ್ಮಡಿ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಮಿತಿ, ಗರ್ಭಿಣಿಯರಿಗೆ 200. ಆದ್ದರಿಂದ ಲೋಟ ಎಣಿಸುವ ಮೊದಲು ಅಂಗಡಿಯಲ್ಲಿ ಬೀಜ ಯಾವುದೆಂದು ಕೇಳಿ.

ಕಡಿಮೆ ಮಾಡಬೇಕೆಂದು ಒಂದೇ ದಿನ ಬಿಟ್ಟರೆ ಮರುದಿನ ತಲೆ ಸಿಡಿಯುತ್ತದೆ. ಸುಲಭದ ದಾರಿ ಪುಡಿಯಲ್ಲೇ ಇದೆ: 80:20 ಕುಡಿಯುವವರು ವಾರ ಬಿಟ್ಟು 70:30ಕ್ಕೆ, ಆಮೇಲೆ 60:40ಕ್ಕೆ ಬನ್ನಿ. ಡಿಕಾಕ್ಷನ್ ಗಟ್ಟಿಯಾಗಿಯೇ ಇರುತ್ತದೆ, ಲೋಟವೂ ಅಷ್ಟೇ ಇರುತ್ತದೆ.

ಹೆಜ್ಜೆ 4: ಊಟ, ನಿದ್ದೆ

ಅನ್ನದ ರಾಶಿ ಅರ್ಧಕ್ಕೆ ಇಳಿಸಿ, ಪಲ್ಯ, ಕಾಳು ಮೊದಲು ತಿನ್ನಿ. ಎದ್ದು ಹತ್ತು ನಿಮಿಷ ಓಡಾಡಿ. ಮಲಗಲೇಬೇಕೆನಿಸಿದರೆ 20 ನಿಮಿಷಕ್ಕೆ ಅಲಾರಂ ಇಡಿ. ಮುಕ್ಕಾಲು ಗಂಟೆ ದಾಟಿದರೆ ಗಾಢ ನಿದ್ದೆಯ ನಡುವೆ ಎದ್ದು ಇನ್ನಷ್ಟು ಮಂಕಾಗುತ್ತೀರಿ. ರಾತ್ರಿ ಗೊರಕೆ ಜೋರಿದ್ದು, ಏಳೆಂಟು ಗಂಟೆ ಮಲಗಿದರೂ ಹಗಲೆಲ್ಲ ತೂಕಡಿಕೆ ಬಂದರೆ ಅದು ಅಭ್ಯಾಸದ ಮಾತಲ್ಲ, ವೈದ್ಯರಿಗೆ ತೋರಿಸಿ.

ಹೆಜ್ಜೆ 5: ಡಬ್ಬಿಗಳು

‘ಬ್ರಾಹ್ಮಿ’ ಎಂದಾಗ ಯಾವ ಬ್ರಾಹ್ಮಿ ಎಂದು ಕೇಳಿ. ನಾವು ತಂಬುಳಿ ಮಾಡುವ ಒಂದೆಲಗಕ್ಕೂ ಬ್ರಾಹ್ಮಿ ಎನ್ನುತ್ತಾರೆ: ನೆಲದ ಮೇಲೆ ಹರಡಿ, ಒಂದು ತೊಟ್ಟಿಗೆ ಒಂದೇ ದುಂಡನೆಯ ಎಲೆ. ನೀರುಬ್ರಾಹ್ಮಿ ಬೇರೆಯೇ ಗಿಡ. ಜೌಗಿನಲ್ಲಿ ಬೆಳೆಯುತ್ತದೆ, ಎಲೆ ಸಣ್ಣ, ದಪ್ಪ, ಚಮಚದ ಆಕಾರ. ನೆನಪಿನ ಶಕ್ತಿಯ ಪರೀಕ್ಷೆಗಳು ಹೆಚ್ಚಾಗಿ ನಡೆದಿರುವುದು ಇದರ ಸಾರದ ಮೇಲೆ, ಸಾಮಾನ್ಯವಾಗಿ ದಿನಕ್ಕೆ 300 ಮಿಲಿಗ್ರಾಂ, 12 ವಾರ. ಫಲ ಸಣ್ಣದು, ನಿಧಾನ. ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ವಾಕರಿಕೆ, ಭೇದಿ ಆಗಬಹುದು. ತಂಬುಳಿಯನ್ನು ರುಚಿಗೆಂದು ಧಾರಾಳವಾಗಿ ಉಣ್ಣಿ, ಪರೀಕ್ಷೆಯ ಅಂಕಕ್ಕೆಂದು ಬೇಡ.

ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಅಪರೂಪಕ್ಕೆ ಯಕೃತ್ತಿಗೆ ಹಾನಿಯಾದದ್ದೂ ಇದೆ. ಗರ್ಭಿಣಿಯರು, ಥೈರಾಯ್ಡ್ ಮಾತ್ರೆ ನುಂಗುವವರು ಮುಟ್ಟಬಾರದು. ಕಣ್ಣು, ಮೂತ್ರ ಹಳದಿಯಾದರೆ ಅಂದೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. 60,000 ಯೂನಿಟ್‌ನ ವಿಟಮಿನ್ ಡಿ ಸಾಮಾನ್ಯವಾಗಿ ವಾರಕ್ಕೆ ಒಂದು. ಚೀಟಿ ಸರಿಯಾಗಿ ಓದದೆ ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮೂತ್ರಪಿಂಡಕ್ಕೆ ಪೆಟ್ಟು.

ಯಾವುದನ್ನೇ ಆದರೂ ಒಂದೊಂದಾಗಿ ಶುರು ಮಾಡಿ, ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೂರನ್ನು ಒಂದೇ ದಿನ ಶುರು ಮಾಡಿದರೆ ಹೊಟ್ಟೆ ಕೆಟ್ಟಾಗ ಯಾವುದನ್ನು ನಿಲ್ಲಿಸಬೇಕೆಂದು ನಿಮಗೂ ಗೊತ್ತಾಗುವುದಿಲ್ಲ, ವೈದ್ಯರಿಗೂ ಗೊತ್ತಾಗುವುದಿಲ್ಲ.